ಒಳಲೆಯಷ್ಟು ಹಾಲು, ಇನ್ನೂರು ಕಿಲೋಮೀಟರ್ ದಾರಿ

ಹೊಳಲ್ಕೆರೆ ಕಡೆಯ ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಅದರದೇ ಒಂದು ವಾಸನೆ ಇರುತ್ತದೆ. ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಸೊಂಟಕ್ಕೆ ಸೀರೆಯ ಪಟ್ಟಿ. ನನ್ನ ತಂಗಿಗೆ ಇದರಲ್ಲಿ ಒಂದೂ ಸಿಗಲಿಲ್ಲ. ಸಿಸೇರಿಯನ್ ಆದ ನಾಲ್ಕನೇ ದಿನ ಅವಳು ಬೆಂಗಳೂರಿನ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕೂಸು ಗಾಜಿನ ಬಾಗಿಲಿನ ಆಚೆ ಇತ್ತು. ಪಕ್ಕದಲ್ಲಿ ಅಮ್ಮ ಊರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬೆಳ್ಳಿಯ ಒಳಲೆ, ನಾವಿಬ್ಬರೂ ಹಾಲು ಕುಡಿದದ್ದು ಅದರಲ್ಲೇ. ಸಿಸ್ಟರ್ ಬಂದು "ಹಾಲು ಎಷ್ಟಾಯ್ತಮ್ಮ?" ಎಂದು ಕೇಳಿದರು. ತಂಗಿ ಸ್ಟೀಲ್ ಬಟ್ಟಲನ್ನು ಮುಂದೆ ಮಾಡಿದಳು. ತಳದಲ್ಲಿ ಹಳದಿ ಬಣ್ಣದ ಒಂದಿಷ್ಟು ಹಾಲು. ಸಿಸ್ಟರ್ ಅದನ್ನು ಸಿರಿಂಜಿಗೆ ಎಳೆದು ನೋಡಿದರು, 6 ಎಂ.ಎಲ್. ಇತ್ತು. "ಸಾಕಮ್ಮ, ಈ ಹೊತ್ತಿಗೆ ಅವನಿಗೆ ಬೇಕಿರೋದು ಐದೇ" ಅಂದರು. ಹೆರಿಗೆಯಾದ ಮೇಲೆ ನನ್ನ ತಂಗಿ ಬಾಯಿಬಿಟ್ಟು ಅತ್ತದ್ದು ಆಗಲೇ.

ಅವನ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಆಪರೇಷನ್ ಆದದ್ದು ಹದಿಮೂರನೇ ದಿನ. ಆಪರೇಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪತ್ರಿಕೆಗಳಲ್ಲೂ ಬರುತ್ತದೆ. ಅದಕ್ಕೆ ಮುಂಚಿನ ಹನ್ನೆರಡು ದಿನಗಳ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹಿರಿಯೂರು, ಹೊಸದುರ್ಗ, ಚಿತ್ರದುರ್ಗದ ಕಡೆಯ ಹಲವು ತಾಯಂದಿರ ಜೊತೆ ಮಾತಾಡಿದೆ, ಓದಿದೆ, ವೈದ್ಯರನ್ನು ಕೇಳಿದೆ. ನನಗೆ ಖಾತ್ರಿಯಾದದ್ದು ಇಷ್ಟು: ಕಾಯುವ ದಿನಗಳೂ ಚಿಕಿತ್ಸೆಯೇ. ಆ ಚಿಕಿತ್ಸೆಯ ದೊಡ್ಡ ಪಾಲನ್ನು ಹೆತ್ತವರು ಮಾಡುತ್ತಾರೆ. ನಮ್ಮ ವ್ಯವಸ್ಥೆ ಮಾತ್ರ ಬಾಣಂತಿಯನ್ನು ರೋಗಿಯೆಂದೂ ಲೆಕ್ಕಕ್ಕೆ ಇಟ್ಟಿಲ್ಲ, ಆರೈಕೆ ಮಾಡುವವಳೆಂದೂ ಇಟ್ಟಿಲ್ಲ.

ಇದು ಅಪರೂಪದ ಕಾಯಿಲೆಯೆಂದು ನಾವು ಅಂದುಕೊಂಡಿದ್ದೆವು. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ 8-9 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ದೋಷ ಇರುತ್ತದೆ. ಅವರಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದೊಳಗೇ ಆಪರೇಷನ್ ಅಥವಾ ಕ್ಯಾಥೆಟರ್ ಚಿಕಿತ್ಸೆ ಬೇಕಾಗುತ್ತದೆ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ 16 ಹೆರಿಗೆ ಎಂದು ಸುಮ್ಮನೆ ಲೆಕ್ಕ ಹಾಕಿದರೂ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಮಕ್ಕಳು, ಅವರಲ್ಲಿ ನಲವತ್ತರಷ್ಟು ಮಕ್ಕಳಿಗೆ ತುರ್ತು. ಅಂದರೆ ಹೆಚ್ಚುಕಡಿಮೆ ಒಂಬತ್ತು ದಿನಕ್ಕೊಂದು ಮನೆ. ಉಳಿದವರಲ್ಲಿ ಬಹಳಷ್ಟು ಮಕ್ಕಳದು ಜನ 'ಹಾರ್ಟಲ್ಲಿ ತೂತು' ಎನ್ನುವ ಸಣ್ಣ ರಂಧ್ರ. ಎಷ್ಟೋ ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆ ಮಾತು ಕೇಳಿದ ಕೂಡಲೇ ಎದೆಯೊಡೆದುಕೊಳ್ಳಬೇಕಾಗಿಲ್ಲ.

ತುರ್ತಿನ ಮಕ್ಕಳದು ಬೇರೆ ಕಥೆ. ಹೊಟ್ಟೆಯೊಳಗಿರುವಾಗ ಮಗುವಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ರಕ್ತ ಅಲ್ಲಿಗೆ ಹೋಗದೆ ಪಕ್ಕದಿಂದ ಹಾಯಲು ಒಂದು ಸಣ್ಣ ಕಾಲುವೆಯಂಥ ನಾಳ ಇರುತ್ತದೆ. ಹುಟ್ಟಿದ ಎರಡು ಮೂರು ದಿನದಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಮುಚ್ಚಬೇಕು. ಕೆಲವು ದೋಷಗಳಿರುವ ಮಗು ಮಾತ್ರ ಆ ಕಾಲುವೆಯನ್ನೇ ನಂಬಿ ಬದುಕಿರುತ್ತದೆ. ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗಿದ ಹಾಗೆ, ಅದು ಮುಚ್ಚಿದೊಡನೆ ಮಗು ನೀಲಿಗಟ್ಟುತ್ತದೆ ಇಲ್ಲವೇ ತಣ್ಣಗಾಗುತ್ತದೆ. ಈಗ ದಿನ ಲೆಕ್ಕ ಹಾಕಿ ನೋಡಿ. ಸಹಜ ಹೆರಿಗೆಯಾದ ತಾಯಿಯನ್ನು ಸರ್ಕಾರಿ ಆಸ್ಪತ್ರೆಯಿಂದ ಕಳಿಸುವುದು 48 ಗಂಟೆಯ ಆಸುಪಾಸು. ಮಗುವನ್ನು ಟವೆಲಿನಲ್ಲಿ ಸುತ್ತಿ ಆಟೋ ಹತ್ತಿಸಿ ಮನೆಗೆ ಕರೆದೊಯ್ದು, ಹೊಸಿಲಲ್ಲಿ ಆರತಿ ಎತ್ತುವ ಹೊತ್ತಿಗೇ ಒಳಗೆ ಆ ನಾಳ ಮುಚ್ಚುತ್ತಿರುತ್ತದೆ.

ನಮ್ಮ ಕೂಸಿನ ಉಗುರು ನೀಲಿಯಾಗಿದೆಯೆಂದು ಮೊದಲು ಕಂಡದ್ದು ಅಮ್ಮನಿಗೆ, ಎರಡನೇ ದಿನ ಬೆಳಿಗ್ಗೆ. "ಚಳಿಗೆ ಹಂಗಾಗುತ್ತೆ ಅಜ್ಜಿ, ಚೆನ್ನಾಗಿ ಹೊದಿಸಿ" ಎಂಬ ಉತ್ತರ ಬಂತು. ಆ ಮಾತು ಪೂರ್ತಿ ತಪ್ಪೂ ಅಲ್ಲ. ಹಸುಗೂಸಿನ ಕೈಕಾಲು ಮೊದಲ ದಿನಗಳಲ್ಲಿ ತುಸು ನೀಲಿಯಾಗಿರುವುದು ಸಹಜ. ನೋಡಬೇಕಾದದ್ದು ನಾಲಗೆ, ಒಸಡು, ತುಟಿಯ ಒಳಭಾಗ. ನಮ್ಮ ಮಕ್ಕಳ ಕಪ್ಪು ಮೈಬಣ್ಣದಲ್ಲಿ ನೀಲಿ ಅಡಗಿಬಿಡುತ್ತದೆ, ಮೇಲೆ ಕಾಡಿಗೆ ಬೇರೆ. ಹಾಲು ಕುಡಿಯುವಾಗ ಹಣೆ ಬೆವರುವುದು, ನಾಲ್ಕು ಗುಟುಕಿಗೆ ಸುಸ್ತಾಗಿ ಬಿಡುವುದು, ಮಲಗಿರುವಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರೆಳೆಯುವುದು ಇವೂ ಲಕ್ಷಣಗಳೇ. ಬೆವರುವ ಮಗುವನ್ನು ಕಂಡು "ಸೆಕೆ" ಅನ್ನುತ್ತಾರೆ, ಹಾಲು ಬಿಡುವುದನ್ನು ಕಂಡು "ತಾಯಿ ಹಾಲು ಸಾಲದು" ಅನ್ನುತ್ತಾರೆ. ಎರಡನೆಯ ಮಾತು ತಾಯಿಯ ತಲೆಗೆ ಬಂದು ಬೀಳುತ್ತದೆ.

ಕಣ್ಣಿಗೆ ಕಾಣದ್ದನ್ನು ಕಾಣುವ ಉಪಕರಣ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಯ, ಪಲ್ಸ್ ಆಕ್ಸಿಮೀಟರ್. ಹುಟ್ಟಿ 24 ಗಂಟೆ ಕಳೆದ ಮೇಲೆ ಮಗುವಿನ ಬಲಗೈಗೆ ಒಮ್ಮೆ, ಒಂದು ಕಾಲಿಗೆ ಒಮ್ಮೆ ಅದನ್ನು ಹಾಕಿ ನೋಡಬೇಕು. 95ಕ್ಕಿಂತ ಕಡಿಮೆ ಇದ್ದರೆ ಅಥವಾ ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಪರೀಕ್ಷೆ, ಎಕೋ ಎಂಬ ಹೃದಯದ ಸ್ಕ್ಯಾನ್. ಇದು ಅಪಾಯಕಾರಿ ದೋಷಗಳಲ್ಲಿ ನಾಲ್ಕರಲ್ಲಿ ಮೂರನ್ನು ಹಿಡಿಯುತ್ತದೆ. ಅಮೆರಿಕ 2011ರಲ್ಲೇ ಇದನ್ನು ಪ್ರತಿ ನವಜಾತ ಶಿಶುವಿಗೂ ಮಾಡಬೇಕಾದ ತಪಾಸಣೆಗಳ ಪಟ್ಟಿಗೆ ಸೇರಿಸಿತು. ನಾವು ಬೆರಳಿಗೆ ಸಿಕ್ಕಿಸಿಕೊಳ್ಳುವ ದೊಡ್ಡವರ ಕ್ಲಿಪ್ ಹಸುಗೂಸಿಗೆ ಆಗುವುದಿಲ್ಲ. ಪಾದಕ್ಕೆ ಸುತ್ತುವ ಪಟ್ಟಿಯಂಥ ಪ್ರೋಬ್ ಬೇಕು. ಭಾರಿ ಬೆಲೆಯ ವಸ್ತುವೇನಲ್ಲ. ಐದು ನಿಮಿಷದ ಕೆಲಸ, ಅದನ್ನು ಕಡ್ಡಾಯ ಮಾಡಬೇಕು ಅಷ್ಟೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದ್ರೋಗ ಇದೆ, ಹೆರಿಗೆಯಾದ ಜಾಗದಲ್ಲೇ ಮಗುವನ್ನು ನೋಡಬೇಕೆಂಬ ಸೂಚನೆಯೂ ಇದೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಆ ಮೂರನೇ ದಿನದ ಭೇಟಿ ಎಷ್ಟು ಬೆಲೆಬಾಳುತ್ತದೆ ಎಂಬುದು ನನಗೆ ಈಗ ಗೊತ್ತು.

ಕಾಯಿಲೆ ಗೊತ್ತಾದ ಮೇಲೆ ದಾರಿ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಹುಟ್ಟಿದ ಮಗು ಮೊದಲು ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಇಲ್ಲವೇ ಅಲ್ಲಿಂದ 60 ಕಿಲೋಮೀಟರ್ ದೂರದ ದಾವಣಗೆರೆಗೆ ಹೋಗುತ್ತದೆ. ಅಲ್ಲಿಂದ ಬೆಂಗಳೂರು. ಚಿತ್ರದುರ್ಗದಿಂದ 200 ಕಿಲೋಮೀಟರ್, ಹಿರಿಯೂರಿನಿಂದ 160. ರಾಷ್ಟ್ರೀಯ ಹೆದ್ದಾರಿ 48 ನುಣ್ಣಗಿದೆ ನಿಜ. ನೆಲಮಂಗಲ ದಾಟಿದ ಮೇಲಿನ ದಟ್ಟಣೆಯಲ್ಲಿ ಆಂಬುಲೆನ್ಸಿನ ಸೈರನ್ನಿಗೂ ದಾರಿ ಸಿಗುವುದು ಕಷ್ಟ. ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧ ಹನಿಹನಿಯಾಗಿ ನರಕ್ಕೆ ಹೋಗುತ್ತಿದ್ದರೆ ಮುಚ್ಚುತ್ತಿರುವ ಆ ನಾಳ ತೆರೆದೇ ಇರುತ್ತದೆ. 1970ರ ದಶಕದ ನಡುವಿನಲ್ಲಿ ಇದು ಬಳಕೆಗೆ ಬಂದ ಮೇಲೆಯೇ ಇಂಥ ಮಕ್ಕಳನ್ನು ದೂರದ ಊರಿಗೆ ಜೀವಸಹಿತ ಸಾಗಿಸುವುದು ಸಾಧ್ಯವಾಯಿತು. ಅದೇ ಔಷಧಕ್ಕೆ ಮಗುವಿನ ಉಸಿರು ಆಗಾಗ ನಿಂತುಹೋಗಬಹುದು. ಹಾಗಾಗಿ ಜೊತೆಗೆ ತಿಳಿದವರು ಇರಲೇಬೇಕು, ಮಗು ಬೆಚ್ಚಗಿರಬೇಕು, ಸಕ್ಕರೆ ಇಳಿಯಬಾರದು. 2008ರ ನವೆಂಬರ್ 1ರಂದು ಶುರುವಾದ 108 ಸೇವೆ ಹಳ್ಳಿಯ ಹೆರಿಗೆಗಳ ಕಥೆಯನ್ನೇ ಬದಲಿಸಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆಯ ಕೂಸಿನ ಸಾಗಣೆ ಉಚಿತ. ಇದನ್ನು ಕೇಳಿ ಪಡೆಯಬೇಕು. ಖಾಸಗಿ ಆಂಬುಲೆನ್ಸಿಗೆ ದುಡ್ಡು ಹೊಂದಿಸುವುದರಲ್ಲಿ ಅರ್ಧ ದಿನ ಕಳೆದ ಮನೆಗಳನ್ನು ನಾನು ಬಲ್ಲೆ.

ಆಂಬುಲೆನ್ಸಿನಲ್ಲಿ ಯಾರು ಹೋಗುತ್ತಾರೆ? ಅಪ್ಪ. ತಾಯಿಗೆ ಹೊಲಿಗೆ ಇನ್ನೂ ಹಸಿ, ಅವಳಿಗೆ ಡಿಸ್ಚಾರ್ಜ್ ಆಗಿರುವುದಿಲ್ಲ. ಹೀಗೆ ಹೆತ್ತ ಎರಡನೇ ದಿನ ತಾಯಿ ಚಿತ್ರದುರ್ಗದ ವಾರ್ಡಿನಲ್ಲಿ, ಮಗು ಬೆಂಗಳೂರಿನಲ್ಲಿ. ನನ್ನ ತಂಗಿ ಆ ಎರಡು ರಾತ್ರಿ ಪಕ್ಕದ ಮಂಚಗಳ ಮಕ್ಕಳು ಅಳುವುದನ್ನು ಕೇಳುತ್ತಾ ಮಲಗಿದ್ದಳು. ಅವಳ ಗಂಡ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ಆ ಕಡೆ ಏಳು ಕಾಗದಗಳಿಗೆ ಸಹಿ ಹಾಕಿದ್ದ. ಒಂದನ್ನೂ ಓದಲಾಗಿರಲಿಲ್ಲ. ಹೊಟ್ಟೆಯಲ್ಲಿರುವಾಗಲೇ ಐದನೇ ತಿಂಗಳ ಸ್ಕ್ಯಾನಿನಲ್ಲಿ ದೋಷ ಗೊತ್ತಾಗಿದ್ದರೆ ಹೆರಿಗೆಯನ್ನೇ ಹೃದಯ ಚಿಕಿತ್ಸೆಯಿರುವ ಊರಿನಲ್ಲಿ ಮಾಡಿಸಬಹುದು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ ಎಂದು ಮಕ್ಕಳ ಹೃದ್ರೋಗ ತಜ್ಞರು ಹೇಳುವುದು ಇದಕ್ಕೇ. ತಾಲ್ಲೂಕಿನ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಹೃದಯದ ನಾಲ್ಕು ಕೋಣೆಯ ಜೊತೆ ರಕ್ತನಾಳಗಳನ್ನೂ ನೋಡುವ ತರಬೇತಿ ಬರಬೇಕು.

ಇಲ್ಲಿ ಒಂದು ಹೆಸರಿನ ನೆನಪು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೆ ವಾಣಿವಿಲಾಸ ಸಾಗರ ಎಂದು ಹೆಸರು ಬಂದದ್ದು ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. 1935ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯೂ ಅದೇ ವಾಣಿವಿಲಾಸ. ಹಿಂದೊಮ್ಮೆ ಕೋಡಿ ಬಿದ್ದ 89 ವರ್ಷದ ಮೇಲೆ 2022ರಲ್ಲಿ ಅಣೆಕಟ್ಟು ಮತ್ತೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು, ಬಾಗಿನ ಕೊಟ್ಟಿತು. ನೀರಿಗಾಗಿ ಅಷ್ಟು ವರ್ಷ ಕಾಯಲು ಗೊತ್ತಿರುವ ಜನ ನಾವು. ಆದರೆ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಬಾಗಿಲ ಮುಂದೆ ಕಾಯುವುದನ್ನು ನಮಗೆ ಯಾರೂ ಕಲಿಸಿಲ್ಲ.

ಯಾಕೆ ಕಾಯಿಸುತ್ತಾರೆ ಎಂಬುದೇ ಮೊದಲು ಅರ್ಥವಾಗುವುದಿಲ್ಲ. "ಅಷ್ಟು ಅರ್ಜೆಂಟು ಅಂತ ಕರ್ಕೊಂಡು ಬಂದು ಸುಮ್ನೆ ಮಲಗ್ಸಿದಾರಲ್ಲ" ಎಂದು ಹೊಸದುರ್ಗದ ಅಜ್ಜಿಯೊಬ್ಬರು ನನ್ನ ಹತ್ತಿರ ಸಿಟ್ಟು ಮಾಡಿದ್ದರು. ಸುಮ್ಮನೆ ಮಲಗಿಸಿರುವುದಿಲ್ಲ. ಸೋಂಕು ಇಳಿಯಬೇಕು, ಕಿಡ್ನಿ ಚೇತರಿಸಿಕೊಳ್ಳಬೇಕು, ತೂಕ ಏರಬೇಕು. ನಮ್ಮ ಕೂಸಿನಂಥವರಿಗೆ ಮೊದಲು ತೊಡೆಯ ನರದಿಂದ ಬಲೂನು ತೂರಿಸಿ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ ಅಗಲ ಮಾಡುತ್ತಾರೆ. ಫಿಲಡೆಲ್ಫಿಯಾದ ರಾಶ್‌ಕಿಂಡ್ 1966ರಲ್ಲಿ ತೋರಿಸಿದ ವಿಧಾನ ಅದು. ಆಮೇಲೆ ನಾಳಗಳನ್ನು ಅವುಗಳ ಜಾಗಕ್ಕೆ ಹೊಲಿಯುವ ದೊಡ್ಡ ಆಪರೇಷನ್. 1975ರಲ್ಲಿ ಬ್ರೆಜಿಲ್‌ನ ಜಾಟೆನ್ ಮೊದಲು ಮಾಡಿದ್ದು. ಅದನ್ನು ಮೊದಲ ಎರಡು ಮೂರು ವಾರದಲ್ಲಿ ಮಾಡಿದರೆ ಒಳ್ಳೆಯದು. ತಡವಾದರೆ ಎಡಗೋಣೆಗೆ ಜೋರಾಗಿ ಒತ್ತುವ ಅಭ್ಯಾಸ ತಪ್ಪಿಹೋಗುತ್ತದೆ. ದೊಡ್ಡ ರಂಧ್ರದ ಮಗುವಿಗೆ ಮೂರರಿಂದ ಆರು ತಿಂಗಳ ತನಕ ಕಾಯಬಹುದು. ಒಂದೊಂದು ದೋಷಕ್ಕೆ ಒಂದೊಂದು ಗಡಿಯಾರ. ವೈದ್ಯರು ಎರಡು ನಿಮಿಷ ಕೂತು ಆ ಗಡಿಯಾರ ಯಾವುದೆಂದು ಕನ್ನಡದಲ್ಲಿ ಹೇಳಿದರೆ ಸಿಟ್ಟಿನ ಅರ್ಧ ಕರಗುತ್ತದೆ. ನಮಗೆ ಹಾಗೆ ಹೇಳಿದವರು ರಾತ್ರಿ ಪಾಳಿಯ ಒಬ್ಬ ಕಿರಿಯ ವೈದ್ಯೆ, ಒಂದು ಹಾಳೆಯ ಮೇಲೆ ಚಿತ್ರ ಬರೆದು. ಆ ಹಾಳೆ ಈಗಲೂ ತಂಗಿಯ ಮನೆಯಲ್ಲಿದೆ.

ಮಾನಿಟರಿನ ಅಂಕಿಯ ವಿಷಯವನ್ನೂ ಹೇಳಬೇಕು. ಕೋವಿಡ್ ನಮಗೆಲ್ಲ 95ರ ಪಾಠ ಹೇಳಿಕೊಟ್ಟಿದೆ. ಇಲ್ಲಿ ಪರದೆಯ ಮೇಲೆ 79, 82 ಕಾಣುತ್ತದೆ, ಜೀವ ಬಾಯಿಗೆ ಬರುತ್ತದೆ. ಕೆಲವು ದೋಷಗಳಲ್ಲಿ ಆಪರೇಷನ್ ತನಕ 75ರಿಂದ 85 ಇದ್ದರೆ ವೈದ್ಯರಿಗೆ ಸಮಾಧಾನ. "ನಮ್ಮ ಮಗುವಿಗೆ ಎಷ್ಟಿರಬೇಕು ಸಾರ್?" ಎಂದು ಮೊದಲ ದಿನವೇ ಕೇಳಿಬಿಡಿ.

ಇನ್ನು ಹಾಲು. ಈ ದಿನಗಳಲ್ಲಿ ತಾಯಿ ಒಬ್ಬಳೇ ಮಾಡಬಲ್ಲ ಕೆಲಸ ಇದು. ಹೃದಯ ದೋಷದ ಕೂಸಿನ ಕರುಳಿಗೆ ರಕ್ತ ಸರಿಯಾಗಿ ಹೋಗದೆ ಅಲ್ಲಿ ಉರಿಯೂತವಾಗುವ ಅಪಾಯವಿದೆ. ಎದೆಹಾಲು ಅದರಿಂದ ಕಾಪಾಡುತ್ತದೆ, ಸೋಂಕಿನಿಂದಲೂ. ಮಗು ಎದೆ ಚೀಪುವ ಹಾಗಿರುವುದಿಲ್ಲ. ಹಾಗಾಗಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಕೈಯಿಂದ ಹಿಂಡಿ ತೆಗೆಯಬೇಕು. ಮೂಗಿನ ನಳಿಕೆಯಿಂದಲೋ ಒಳಲೆಯಿಂದಲೋ ಅದನ್ನು ಕೊಡುತ್ತಾರೆ. ಒಳಲೆ ನಮ್ಮ ಅಜ್ಜಿಯರ ಕಾಲದ್ದು, ಈಗ ಎನ್‌ಐಸಿಯುಗಳೂ ಬಾಟಲಿಗಿಂತ ಅದನ್ನೇ ಮೇಲು ಅನ್ನುತ್ತವೆ. ತಂಗಿ ಹಾಲು ಹಿಂಡಿದ್ದು ಶೌಚಾಲಯದ ಪಕ್ಕದ ಮೂಲೆಯಲ್ಲಿ, ನಾನು ಶಾಲು ಅಡ್ಡ ಹಿಡಿದಾಗ. ನೋವು, ನಾಚಿಕೆ, ನಿದ್ದೆಗೇಡು. ಇಷ್ಟಾದರೂ ಮೂರನೇ ಸಲಕ್ಕೆ ಅವಳೇ ಪ್ಲಾಸ್ಟರ್ ತುಂಡಿನ ಮೇಲೆ ಹೆಸರು, ಗಂಟೆ ಬರೆದು ಬಟ್ಟಲಿಗೆ ಅಂಟಿಸತೊಡಗಿದಳು. ಅಲ್ಲಿಯವರೆಗೆ ಕೂಸಿನ ಕಾಲಿಗೆ ಕಟ್ಟಿದ್ದ 'ಬೇಬಿ ಆಫ್' ಎಂಬ ಪಟ್ಟಿಯಲ್ಲಿ ಮಾತ್ರ ಅವಳು ತಾಯಿಯಾಗಿದ್ದಳು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲೇ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಪ್ರತಿ ಮಕ್ಕಳ ಹೃದಯ ಆಸ್ಪತ್ರೆಯಲ್ಲಿ ಹಾಲು ಹಿಂಡಲು ಬಾಗಿಲಿರುವ ಒಂದು ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ಒಂದು ಫ್ರಿಜ್ ಇಡುವುದು ಹೃದಯ ಕಟ್ಟುವುದಕ್ಕಿಂತ ಕಷ್ಟವೇ?

ಮುಟ್ಟುವುದರ ಬಗ್ಗೆ ವೈದ್ಯಲೋಕವೇ ನಿಧಾನವಾಗಿ ಕಲಿತಿದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಒಂದು ಕಾಲಕ್ಕೆ ಹೆತ್ತವರನ್ನು ವಾರಕ್ಕೆ ಕೆಲವೇ ಗಂಟೆ ಬಿಡುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಸಂಕಟವನ್ನು ಚಿತ್ರೀಕರಿಸಿ ತೋರಿಸಿದರು. 1959ರ ಪ್ಲಾಟ್ ವರದಿ ಹೆತ್ತವರಿಗೆ ಬಾಗಿಲು ತೆರೆಯಿರಿ ಎಂದಿತು. ಕೊಲಂಬಿಯದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿದರು. ಅದೇ ಕಾಂಗರೂ ಆರೈಕೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಕಡಿಮೆ ತೂಕದ ಮಕ್ಕಳಿಗಾಗಿ ಅದನ್ನು ಜಿಲ್ಲೆಯಾದ್ಯಂತ ಜಾರಿಗೆ ತಂದು ನೋಡಿದ್ದಾರೆ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನವಜಾತ ಘಟಕಗಳಲ್ಲಿ ಹೆತ್ತವರನ್ನೂ ಆರೈಕೆಯಲ್ಲಿ ಸೇರಿಸಿಕೊಳ್ಳುವ ಮಾರ್ಗಸೂಚಿ ಹೊರಡಿಸಿತು. ಕೈ ತೊಳೆದು ಗೌನ್ ತೊಟ್ಟು ಬಂದ ತಾಯಿ ತಂದೆಯರಿಗೆ ಒಳಗೆ ಜಾಗವಿದೆ ಎಂದು ಕಾಗದದ ಮೇಲೆ ಇದೆ. ಕಾವಲುಗಾರನಿಗೆ ಅದು ಗೊತ್ತಿಲ್ಲ. ಹೃದಯದ ಮಗುವನ್ನು ಎಲ್ಲ ಹೊತ್ತಿನಲ್ಲೂ ಎತ್ತಿಕೊಳ್ಳುವ ಹಾಗಿಲ್ಲ, ಅದನ್ನು ವೈದ್ಯರೇ ಹೇಳಬೇಕು. ಎತ್ತಲಾಗದಿದ್ದರೂ ತಲೆಯ ಮೇಲೆ ಒಂದು ಅಂಗೈ, ಪಾದಕ್ಕೆ ಇನ್ನೊಂದು ಅಂಗೈ ಇಟ್ಟು ಸುಮ್ಮನೆ ನಿಲ್ಲಬಹುದು. ಜೋಗುಳ ಹೇಳಬಹುದು. ಹೊಟ್ಟೆಯೊಳಗಿದ್ದಾಗ ಕೇಳಿದ ದನಿಯನ್ನು ಕೂಸು ಗುರುತಿಸುತ್ತದೆ.

"ಅಷ್ಟು ಚಿಕ್ಕ ಮಗೂಗೆ ನೋವು ಗೊತ್ತಾಗುತ್ತಾ ಅಕ್ಕಾ?" ಎಂದು ತಂಗಿ ಕೇಳಿದ್ದಳು. ನವಜಾತರಿಗೆ ನೋವಿನ ಅರಿವಿಲ್ಲ ಎಂದು ನಂಬಿ ಅರೆಬರೆ ಅರಿವಳಿಕೆಯಲ್ಲೇ ಆಪರೇಷನ್ ಮಾಡುತ್ತಿದ್ದ ಕಾಲವೊಂದಿತ್ತು, ಬಹಳ ಹಿಂದೇನೂ ಅಲ್ಲ. ಭಾರತದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ವೈದ್ಯ ಕನ್ವಲ್‌ಜೀತ್ ಆನಂದ್ 1987ರಲ್ಲಿ ಅದು ತಪ್ಪೆಂದು ತೋರಿಸಿಕೊಟ್ಟರು. ಅವರು ನೋಡಿದ್ದು ಮೊದಲು ಹೇಳಿದ ಆ ಕಾಲುವೆಯಂಥ ನಾಳವನ್ನು ಕಟ್ಟುವ ಆಪರೇಷನ್ ಆದ ಹಸುಗೂಸುಗಳನ್ನು. ನೋವು ನಿವಾರಕ ಕೊಟ್ಟ ಮಕ್ಕಳು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡರು. ಈಗ ನೋವಿಗೆ ಔಷಧ ಕೊಟ್ಟೇ ಕೊಡುತ್ತಾರೆ. ಇದನ್ನು ಓದುವ ಯಾವುದೋ ತಾಯಿ ಇಂದು ರಾತ್ರಿ ಅದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದರೆ, ಅವಳಿಗೆ ಈ ಉತ್ತರ.

ದುಡ್ಡಿನ ವಿಷಯ ಹಿಂದಿಗಿಂತ ಹಗುರಾಗಿದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30. ಜಯದೇವ ಹೃದ್ರೋಗ ಸಂಸ್ಥೆ ಇದೆ, ನಾರಾಯಣ ಹೃದಯಾಲಯವಿದೆ. 2003ರಲ್ಲಿ ದೆಹಲಿ-ಲಾಹೋರ್ ಬಸ್ಸಿನಲ್ಲಿ ಪಾಕಿಸ್ತಾನದ ಎರಡು ವರ್ಷದ ಮಗು ಚಿಕಿತ್ಸೆಗೆ ಬಂದದ್ದು ಅಲ್ಲಿಗೇ. 2001ರ ಜನವರಿಯಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಿಲ್ಲೇ ಇಲ್ಲ. ರೇಷನ್ ಕಾರ್ಡು, ಆಧಾರ್, ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ರೆಫರಲ್ ಪತ್ರ ಒಂದು ಕವರಿನಲ್ಲಿ ಇಟ್ಟುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ಕಾಣಬೇಕು. ಯೋಜನೆಯ ಲೆಕ್ಕಕ್ಕೆ ಬರದ ಖರ್ಚೇ ಮನೆ ಮುರಿಯುವುದು. ಲಾಡ್ಜು, ಊಟ, ಬಿಟ್ಟುಹೋದ ಕೂಲಿ, ರಕ್ತ ಕೊಡಲು ಊರಿಂದ ಬಂದ ನಾಲ್ಕು ಜನರ ಬಸ್ ಚಾರ್ಜು, ಅಜ್ಜಿಯ ಹತ್ತಿರ ಬಿಟ್ಟುಬಂದ ದೊಡ್ಡ ಮಗು, ಹೊಲದಲ್ಲಿ ಕೀಳದೆ ಉಳಿದ ಶೇಂಗಾ. ಫಿಲಡೆಲ್ಫಿಯಾದಲ್ಲಿ 1974ರಲ್ಲಿ ಮಕ್ಕಳ ಆಸ್ಪತ್ರೆಯ ಹತ್ತಿರ ಹೆತ್ತವರು ಉಳಿಯಲೆಂದೇ ಒಂದು ಮನೆ ತೆರೆದರು, ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್. ನಮ್ಮ ಸೀಮೆ ಮಠಗಳ ಸೀಮೆ. ದಾಸೋಹ ನಮಗೆ ಹೊಸದಲ್ಲ. ಬೆಂಗಳೂರಿನ ಹೃದಯ ಆಸ್ಪತ್ರೆಗಳ ಸಮೀಪ ಬಾಣಂತಿಯರಿಗೆಂದು ಹತ್ತು ಮಂಚ, ಬಿಸಿನೀರು, ಮೆಣಸಿನ ಸಾರು ಇರುವ ಒಂದು ಮನೆಯನ್ನು ನಮ್ಮ ಜಿಲ್ಲೆಯ ಮಠಗಳು, ಸಂಘಗಳು ನಡೆಸಲಾರವೇ?

ದೂರು ಹೊರುವವಳೂ ತಾಯಿಯೇ. ಗ್ರಹಣದ ದಿನ ಹೊರಗೆ ಬಂದಳು, ಹರಕೆ ತೀರಿಸಲಿಲ್ಲ, ಪರಂಗಿ ತಿಂದಳು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಬೇಡಿ ಪಡೆದ ಮಗುವಿಗೆ ಹೀಗಾಯಿತೆಂದರೆ ಮಾತು ಇನ್ನೂ ಹರಿತ. ಹೃದಯ ರೂಪುಗೊಂಡು ಮುಗಿಯುವುದು ಗರ್ಭದ ಎಂಟನೇ ವಾರದೊಳಗೆ, ಎಷ್ಟೋ ಹೆಂಗಸರಿಗೆ ಬಸುರಿಯೆಂದು ಖಚಿತವಾಗುವ ಹೊತ್ತಿಗೆ. ಹೆಚ್ಚಿನ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಗೊತ್ತಿರುವ ಕಾರಣಗಳಲ್ಲಿ ತಾಯಿಯ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಒಂದು, ರುಬೆಲ್ಲಾ ಒಂದು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರು ಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಸೇರಿತ್ತು. ಮೂರನೆಯದನ್ನು ಬಿಚ್ಚಿ ಹೇಳಬೇಕು: ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ಮದುವೆ. ರಕ್ತಸಂಬಂಧದ ಮದುವೆಯಿಂದ ಹೃದಯ ದೋಷ ಹೆಚ್ಚುತ್ತದೆಂದು ಮೈಸೂರು ವಿಶ್ವವಿದ್ಯಾಲಯದ ರಾಮೇಗೌಡ ಮತ್ತು ರಾಮಚಂದ್ರ 2006ರಲ್ಲೇ ತೋರಿಸಿದ್ದಾರೆ. ಆ ಮದುವೆ ನಿಶ್ಚಯಿಸಿದವರು ಹಿರಿಯರು. ಹುಡುಗಿಯನ್ನು ದೂರುವುದು ಅನ್ಯಾಯ.

ಹುಡುಗಿ ಎಂದಾಗ ಇನ್ನೊಂದು ನೋವು. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಬೇಕೆಂದು ಹೇಳಿದ ಗಂಡುಮಕ್ಕಳಲ್ಲಿ ಶೇ 70ರಷ್ಟು ಮಕ್ಕಳಿಗೆ ಆಪರೇಷನ್ ಆಯಿತು, ಹೆಣ್ಣುಮಕ್ಕಳಲ್ಲಿ ಶೇ 44ಕ್ಕೆ ಮಾತ್ರ. ಎದೆಯ ಮೇಲೆ ಗಾಯದ ಗುರುತು ಉಳಿದರೆ ಮುಂದೆ ಮದುವೆ ಹೇಗೆ ಎಂಬ ಮಾತನ್ನು ನಾನೂ ಆ ಕಾರಿಡಾರಿನಲ್ಲಿ ಕೇಳಿದೆ. ಆ ಮಾತಿಗೆ ಗುರಿಯಾದ ಹೆಣ್ಣುಕೂಸಿಗೆ ಆಗ ಇಪ್ಪತ್ತು ದಿನ.

ತಾಯಿಯ ಮನಸ್ಸನ್ನು ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೊ ಪಟ್ಟಿ ಕನ್ನಡದಲ್ಲೂ ಇದೆ. ಅದನ್ನು ಕೇಳಲು ಐದು ನಿಮಿಷ ಸಾಕು. ನನ್ನ ತಂಗಿಯನ್ನು ಯಾರೂ ಕೇಳಲಿಲ್ಲ, ಅವಳ ಗಂಡನನ್ನಂತೂ ಇಲ್ಲವೇ ಇಲ್ಲ. ಆ ಹುಡುಗ ದಿನವೂ ರಾತ್ರಿ ಆಸ್ಪತ್ರೆಯ ಹೊರಗೆ ಬೈಕ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ, ಬೆಳಿಗ್ಗೆ ಮುಖ ತೊಳೆದು ನಗುತ್ತಾ ಒಳಗೆ ಬರುತ್ತಿದ್ದ. 14416 ಟೆಲಿ-ಮನಸ್ ಸಂಖ್ಯೆ ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ಮಕ್ಕಳೂ ಮನೆಗೆ ಬರುವುದಿಲ್ಲ. ಇದನ್ನು ಬರೆಯದೆ ಮುಂದೆ ಹೋದರೆ ನಾನು ಆ ಕಾರಿಡಾರಿನ ತಾಯಂದಿರಿಗೆ ದ್ರೋಹ ಮಾಡಿದಂತೆ. ನಮ್ಮ ಕಡೆ ಹಸುಗೂಸು ತೀರಿಕೊಂಡರೆ ಗಂಡಸರು ಗಡಿಬಿಡಿಯಲ್ಲಿ ಮಣ್ಣು ಮಾಡಿಬರುತ್ತಾರೆ, ತಾಯಿಗೆ ಮುಖವನ್ನೂ ತೋರಿಸುವುದಿಲ್ಲ, ಅವಳ ಒಳ್ಳೆಯದಕ್ಕೆ ಎಂದುಕೊಂಡು. ಹಿರಿಯೂರು ಕಡೆಯ ಒಬ್ಬ ತಾಯಿ ಹೇಳಿದ್ದು: "ಒಂದ್ಸಲ ಎತ್ಕೊಂಡಿದ್ರೆ ಸಾಕಿತ್ತು ಕಣಕ್ಕ. ನನ್ನ ಮಗ ಎಷ್ಟು ಭಾರ ಇದ್ದ ಅಂತಾನೇ ನಂಗೊತ್ತಿಲ್ಲ." ಆಕೆಗೆ ಎತ್ತಿಕೊಳ್ಳಲು ಬಿಡಿ. ಹೆಸರಿಡಲು ಬಿಡಿ. ಆಮೇಲೆ ಎದೆ ತುಂಬಿ ಬರುವ ಹಾಲಿಗೆ ಏನು ಮಾಡಬೇಕೆಂದು ಹೇಳಿಕೊಡಲು ಒಬ್ಬ ಸಿಸ್ಟರ್ ಹತ್ತು ನಿಮಿಷ ಕೂರಲಿ.

ಆಪರೇಷನ್‌ಗೆ ತಿಂಗಳುಗಟ್ಟಲೆ ಸಮಯವಿರುವ ಮಕ್ಕಳು ಊರಿಗೆ ಬಂದು ಕಾಯುತ್ತಾರೆ. ಮೂಗಿನ ನಳಿಕೆ, ಹನಿ ಔಷಧ, ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಕ. ಲಸಿಕೆ ತಪ್ಪಿಸಬಾರದು, ಕೆಮ್ಮಿರುವವರು ಎತ್ತಿಕೊಳ್ಳಬಾರದು. ನೋಡಲು ಬರುವ ನೆಂಟರಿಗೆ ಬಾಗಿಲಲ್ಲೇ ಕೈ ಮುಗಿದರೆ ಬೇಸರ ಮಾಡಿಕೊಳ್ಳಬೇಡಿ.

ಬೇರೆಯವರು ಮಾಡಿ ತೋರಿಸಿದ್ದೂ ಇದೆ. ಕೇರಳ 2017ರಲ್ಲಿ 'ಹೃದ್ಯಂ' ಆರಂಭಿಸಿತು. ಯಾವ ಮೂಲೆಯಲ್ಲಿ ಹೃದಯ ದೋಷದ ಮಗು ಹುಟ್ಟಿದರೂ ಹೆಸರು ಆನ್‌ಲೈನಿನಲ್ಲಿ ದಾಖಲಾಗುತ್ತದೆ, ತುರ್ತು ಎಷ್ಟೆಂದು ತಜ್ಞರು ನೋಡುತ್ತಾರೆ, ಯಾವ ಆಸ್ಪತ್ರೆಗೆ ಹೋಗಬೇಕೆಂದು ವ್ಯವಸ್ಥೆಯೇ ಹೇಳುತ್ತದೆ. ಅಪ್ಪನಾದವನು ಫೈಲು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದಿಲ್ಲ. ನಮ್ಮಲ್ಲೂ 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ದಾರಿಯದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ, ಹೃದಯಾಘಾತಕ್ಕೆ ಅಲ್ಲೇ ಚುಚ್ಚುಮದ್ದು ಕೊಡಿಸುತ್ತಾರೆ. ದೊಡ್ಡವರ ಹೃದಯಕ್ಕೆ ಕಟ್ಟಿದ ಆ ಸೇತುವೆಯ ಮೇಲೆ ಹಸುಗೂಸುಗಳೂ ನಡೆಯಲಿ. ಜಿಲ್ಲಾಸ್ಪತ್ರೆಯಲ್ಲಿ ಪ್ರೊಸ್ಟಾಗ್ಲಾಂಡಿನ್ ಸದಾ ಇರಲಿ. ಮಗುವನ್ನು ರೆಫರ್ ಮಾಡುವಾಗ ಬಾಣಂತಿಯನ್ನೂ ರೋಗಿಯಾಗಿಯೇ ಜೊತೆಗೆ ರೆಫರ್ ಮಾಡಲಿ, ಅಲ್ಲಿ ಅವಳಿಗೊಂದು ಮಂಚ ಸಿಗಲಿ. ಇಷ್ಟನ್ನು ನಮ್ಮ ಶಾಸಕರ ಮುಂದೆ, ಜಿಲ್ಲಾ ಆರೋಗ್ಯಾಧಿಕಾರಿಯ ಮುಂದೆ ಬರವಣಿಗೆಯಲ್ಲಿ ಇಡುವುದು ನಮ್ಮ ಕೆಲಸ.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಹೆರಿಗೆಯಾದರೆ ಒಂದು ಮಾತು ನೆನಪಿಡಿ. ಚಿತ್ರದುರ್ಗವಿರಲಿ, ಹಿರಿಯೂರಿರಲಿ, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಯಿರಲಿ, ಡಿಸ್ಚಾರ್ಜ್ ಚೀಟಿ ಕೈಗೆ ತೆಗೆದುಕೊಳ್ಳುವ ಮುಂಚೆ ಸಿಸ್ಟರನ್ನು ಕೇಳಿ: "ಮಗುವಿನ ಬಲಗೈಗೂ ಕಾಲಿಗೂ ಆಕ್ಸಿಜನ್ ನೋಡಿದ್ರಾ ಸಿಸ್ಟರ್?" ನೋಡಿಲ್ಲವೆಂದರೆ, ನೋಡಿಸಿಕೊಂಡೇ ಮನೆಗೆ ಹೊರಡಿ.